ಮೊಣಕೈ ಹಿಡಿಯುವ ಮನುಷ್ಯ

ತಮ್ಮನ್ನು ಹೊಗಳಿಕೊಳ್ಳಲು ಅವರು ಇನ್ನೊಬ್ಬರಿಗಾಗಿ ಕಾದವರಲ್ಲ. ಬೆಳಿಗ್ಗೆ ಆಸ್ಪತ್ರೆಯ ನಮ್ಮ ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರುವಾಗುತ್ತಿತ್ತು. “ಎಂತ ಹೆಣೆ, ನಿನ್ನೆ ಬೈಂದೂರ್ ಬದಿಯಂಗೆ ನಾನ್ ಎಂತ ಮಾಡ್ದೆ ಗೊತ್ತಿತ್ತಾ?” ಹೆಣೆ ಎಂದರೆ ಹುಡುಗಿ, ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ನಾನು. ನನಗೆ ಗೊತ್ತಿರುತ್ತಿರಲಿಲ್ಲ. ಗೊತ್ತಾಗಬೇಕೆಂಬ ಆಸೆಯೂ ಇರುತ್ತಿರಲಿಲ್ಲ. ಎರಡೂ ಅವರಿಗೆ ಅಡ್ಡಿಯಾಗುತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಕೂತರೆಂದರೆ ಚಹಾ ಬರುವವರೆಗೂ ಅವರದೇ ಪ್ರತಾಪ, ಚಹಾ ಬಂದ ಮೇಲೆ ಅದೇ ಪ್ರತಾಪದ ಎರಡನೇ ಭಾಗ. ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ತಲ್ಲೂರಿನ ಅವರ ಮನೆಗೆ ಹೋಗಿ ಬಂದ ಮೇಲೆ, ಇನ್ನು ಅವರನ್ನು ಹೊಗಳುವ ಕೆಲಸ ಬೇರೆ ಯಾರಾದರೂ ಮಾಡಬೇಕಲ್ಲ ಅನ್ನಿಸಿತು. ಅವರಷ್ಟು ಚೆನ್ನಾಗಿ ನನ್ನಿಂದ ಆಗಲಿಕ್ಕಿಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕಿಗೆ ಅವರು ಕುಷ್ಠರೋಗದ ಮೇಲ್ವಿಚಾರಕರು. ನಾವೆಲ್ಲ ಸುಪರ್‌ವೈಸರ್ರು ಎನ್ನುತ್ತಿದ್ದೆವು. ಈ ರೋಗ ನಿರ್ಮೂಲನೆಯಾಗಿದೆ ಎಂದು ಸರ್ಕಾರ ಎಂದೋ ಹೇಳಿ ಕೈತೊಳೆದುಕೊಂಡಿದೆ. ಹಾಗೆ ಹೇಳಿದ ಸರ್ಕಾರವೇ ಅದನ್ನು ಹುಡುಕಲು ಇವರನ್ನು ಇಟ್ಟುಕೊಂಡಿತ್ತು. “ಇಲ್ಲದ್ದನ್ನ ಹುಡ್ಕಿ ಕೊಡುದ್ ನನ್ನ ಕೆಲ್ಸ. ದೇವಸ್ಥಾನದ ಭಟ್ರದ್ದೂ ಅದೇ ಕೆಲ್ಸ ಅಲ್ದಾ?” ಎಂದು ನಗುತ್ತಿದ್ದರು. ಊರಿನವರು ರೋಗದ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ದೊಡ್ಡ ರೋಗ ಎನ್ನುತ್ತಾರೆ, ಅದನ್ನೂ ಸ್ವರ ತಗ್ಗಿಸಿ. ಸಕ್ಕರೆ ಕಾಯಿಲೆ ಇದೆ ಎನ್ನುವುದು ಈಗ ಅನುಕೂಲಸ್ಥರ ಲಕ್ಷಣ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮದುವೆ ಮನೆಯಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು ಕಥೆ ಹೇಳುತ್ತಾರೆ. ಗುಳಿಗೆ ತಿಂದರೆ ಪೂರ್ತಿ ಗುಣವಾಗುವ ಈ ಬಡಪಾಯಿ ರೋಗಕ್ಕೆ ಮಾತ್ರ ಮರ್ಯಾದೆ ಇಲ್ಲ.

ಇವರ ಸ್ಕೂಟರು ಯಾರ ಮನೆ ಮುಂದೆ ನಿಂತರೂ ಆ ಮನೆಯ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬ ಮಾತಿತ್ತು. ಅದಕ್ಕೆ ಅವರು ಮಾಡಿದ ಉಪಾಯ ವೇಷ. ಯಾವುದೋ ವಿಮೆ ಕಂಪನಿಯವರು ಹಂಚಿದ್ದ ಹಳೆಯ ಬ್ಯಾಗೊಂದನ್ನು ಹೆಗಲಿಗೆ ಹಾಕಿ, ಕಿಸೆಗೆ ಪೆನ್ನು ಸಿಕ್ಕಿಸಿ, ವಿಮೆ ಏಜೆಂಟನಂತೆ ಮನೆ ಮನೆಗೆ ಹೋಗುತ್ತಿದ್ದರು. ಸ್ಕೂಟರನ್ನು ಅರ್ಧ ಮೈಲಿ ಆಚೆ ಹೆಂಡದಂಗಡಿಯ ಎದುರು ನಿಲ್ಲಿಸುತ್ತಿದ್ದರು. ಹೀಗಾಗಿ ಜನ್ಮದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ ಮೂರು ತಾಲೂಕಿನಲ್ಲೂ ಕುಡುಕನೆಂದು ಹೆಸರು ಪಡೆದರು. ವೇಷದ ಬಗ್ಗೆ ಅವರಿಗೆ ಬಹಳ ಹೆಮ್ಮೆ. “ಹುಟ್ಟಿದ ಮಗುವಿಗೂ ಗೊತ್ತಾತಿಲ್ಲೆ,” ಎನ್ನುತ್ತಿದ್ದರು. ಸತ್ಯ ಏನೆಂದರೆ ಹುಟ್ಟಲಿರುವ ಮಗುವಿಗೂ ಗೊತ್ತಿತ್ತು. ಅವರು ಗೇಟು ದಾಟುವ ಮೊದಲೇ ಪಕ್ಕದ ಮನೆಯವರು ಬಾವಿಕಟ್ಟೆಗೆ ನೀರು ಸೇದುವ ನೆಪದಲ್ಲಿ ಬಂದು ನಿಲ್ಲುತ್ತಿದ್ದರು. ನಿಜವಾದ ವಿಮೆ ಏಜೆಂಟರು ಈ ಕಡೆ ವ್ಯಾಪಾರವಿಲ್ಲದೆ ಸೊರಗಿದರೆಂದೂ ಕೇಳಿದ್ದೇನೆ.

ತಪ್ಪು ಒಪ್ಪಿಕೊಳ್ಳುವ ಅಭ್ಯಾಸ ಅವರಿಗೆ ಇರಲೇ ಇಲ್ಲ. ಒಮ್ಮೆ ಕೊಕ್ಕರ್ಣೆಯಲ್ಲಿ ಬೇರೆ ಯಾರದೋ ಮನೆ ಹೊಕ್ಕು, ಅಲ್ಲಿದ್ದ ಅಜ್ಜಿಯನ್ನು ಕಣ್ಣು ಮುಚ್ಚಿಸಿ ಕೂರಿಸಿ, ಪೆನ್ನಿನ ತುದಿಯಿಂದ ಕೈ ಮೇಲೆಲ್ಲ ಮುಟ್ಟಿ, “ಇಲ್ಲಿ ಗೊತ್ತಾತ್ತಾ? ಇಲ್ಲಿ?” ಎಂದು ಕೇಳಿ ಪರೀಕ್ಷೆ ಮುಗಿಸಿದ ಮೇಲೆ ರೋಗಿ ಇರುವುದು ತೋಟದಾಚೆಯ ಮನೆಯಲ್ಲಿ ಎಂದು ತಿಳಿಯಿತು. ಅಜ್ಜಿಗೆ ಇದೆಲ್ಲ ಬಹಳ ಹಿಡಿಸಿ, “ಮೊಣಗಂಟೂ ಒಂಚೂರ್ ಕಾಣಿ ಮಗಾ,” ಎಂದಿದ್ದರಂತೆ. ನಾವು ನಕ್ಕರೆ ಸುಪರ್‌ವೈಸರ್ರು ಗಂಭೀರವಾಗಿ, “ನಾನ್ ಹೋದ್ ಮನಿ ಸರಿಯೇ. ರೋಗ ಬಂದದ್ದ್ ತಪ್ಪ್ ಮನಿಗೆ,” ಎಂದರು.

ಅವರಿಗೊಂದು ಚಾಳಿಯಿತ್ತು. ಯಾರಿಗೂ ಕೈಮುಗಿಯುತ್ತಿರಲಿಲ್ಲ, ಕೈ ಕುಲುಕುತ್ತಲೂ ಇರಲಿಲ್ಲ. ಎದುರು ಸಿಕ್ಕವರ ಮೊಣಕೈಯನ್ನು ಆತ್ಮೀಯವಾಗಿ ಹಿಡಿದುಕೊಳ್ಳುತ್ತಿದ್ದರು. ಮೊಣಕೈಯ ಒಳಬದಿಯಲ್ಲಿ ಒಂದು ನರ ಹಾದುಹೋಗುತ್ತದೆ, ಕಲ್ಲಿಗೆ ತಾಗಿದರೆ ಜುಮ್ಮೆನ್ನುವ ನರ. ಈ ರೋಗದಲ್ಲಿ ಅದು ಹಗ್ಗದ ಹಾಗೆ ದಪ್ಪಗಾಗುತ್ತದೆ, ಬೆರಳಿನ ಸ್ಪರ್ಶ ಹೋಗುತ್ತದೆ. ಸುಪರ್‌ವೈಸರ್ರು ಕುಶಲ ಕೇಳುತ್ತ ಅದನ್ನು ತಡವಿ ನೋಡುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವರು, ಮೀನು ಮಾರುವ ಹೆಂಗಸರು, ಭಾಷಣಕ್ಕೆ ಬಂದ ರಾಜಕಾರಣಿಗಳು ಯಾರನ್ನೂ ಬಿಟ್ಟವರಲ್ಲ. ರಾಜಕಾರಣಿಗಳು ಅದನ್ನು ತಮ್ಮ ಮೇಲಿನ ಪ್ರೀತಿ ಎಂದು ತಿಳಿದು ಇನ್ನೊಂದು ಮೊಣಕೈಯನ್ನೂ ಕೊಡುತ್ತಿದ್ದರು. ಹೆಂಗಸೊಬ್ಬರ ಹುಬ್ಬನ್ನೇ ನೋಡುತ್ತ ಕೂತದ್ದಕ್ಕೆ ಕಂಡಕ್ಟರ್ ಇವರನ್ನು ತ್ರಾಸಿಯಲ್ಲಿ ಬಸ್ಸಿಂದ ಇಳಿಸಿದ್ದೂ ಉಂಟು. “ಹುಬ್ಬಿನ ಕೂದ್ಲ್ ಉದುರಿದ್ ಕಂಡೆ, ಅದ್ಕೆ ಕಂಡದ್ದ್,” ಎಂದರೆ ಕಂಡಕ್ಟರ್ ನಂಬುವುದುಂಟೇ? ಹುಬ್ಬು ಉದುರುವುದೂ ಈ ರೋಗದ ಗುರುತೇ, ಆದರೆ ಆ ಹೆಂಗಸು ಹುಬ್ಬು ತೀಡಿಸಿಕೊಂಡಿದ್ದರು, ಅಷ್ಟೇ. ಅದನ್ನೂ ಅವರು ತಪ್ಪೆಂದು ಒಪ್ಪಲಿಲ್ಲ.

ಇಂಥವರ ಕೈಗೆ ರೋಗ ಪರೀಕ್ಷೆಯ ಮಿಷನ್ ಬಂತು.

ಅಸಲಿಗೆ ಅದು ಬಂದದ್ದು ನನ್ನ ಕೈಗೆ. ಕ್ಷಯ ಪರೀಕ್ಷೆಗೆಂದು ತಂದು, ಕೊರೊನಾ ಕಾಲದಲ್ಲಿ ಹೆಸರು ಮಾಡಿ, ಆಮೇಲೆ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿದ್ದ ಪೆಟ್ಟಿಗೆ ನಮ್ಮ ಲ್ಯಾಬಿನಲ್ಲಿತ್ತು. ಬ್ಯಾಟರಿಯಲ್ಲೂ ನಡೆಯುತ್ತದೆ, ಕರೆಂಟು ಬಂದು ಹೋಗುವ ನಮ್ಮಂಥ ಊರುಗಳಿಗೆಂದೇ ಮಾಡಿದ್ದು. ಈಗ ಅದಕ್ಕೆ ಕುಷ್ಠದ ಪರೀಕ್ಷೆಯ ಚಿಪ್ಪು, ಒಂದು ಪರೀಕ್ಷೆಗೆ ಒಂದರಂತೆ ಒಳಗೆ ಸಿಕ್ಕಿಸುವ ಬಿಲ್ಲೆ, ಬಂದಿದೆ, ನಮ್ಮಲ್ಲಿ ಪ್ರಯೋಗ ಮಾಡಿ ನೋಡುತ್ತಾರೆ ಎಂದು ಆದೇಶವಾಯಿತು. ಮೊದಲಾದರೆ ಕಿವಿಯ ಹಾಲೆಯನ್ನು ಸಣ್ಣಗೆ ಕೊಯ್ದು, ಗಾಜಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಣ್ಣು ಕೆಡಿಸಿಕೊಳ್ಳಬೇಕಿತ್ತು. ಆರಂಭದ ರೋಗವಾದರೆ ಅದರಲ್ಲಿ ಏನೂ ಕಾಣುತ್ತಲೂ ಇರಲಿಲ್ಲ. ಈ ಪೆಟ್ಟಿಗೆ ಚರ್ಮದ ಚೂರಿನಲ್ಲೋ ಮೂಗಿನ ದ್ರವದಲ್ಲೋ ರೋಗಾಣುವಿನ ವಂಶದ ಗುರುತನ್ನೇ ಹುಡುಕಿ, ಒಂದು ಸಿನಿಮಾ ನೋಡಿ ಏಳುವಷ್ಟರಲ್ಲಿ ಹೌದು, ಅಲ್ಲ ಎಂದು ಹೇಳುತ್ತದೆ.

ಪೆಟ್ಟಿಗೆ ಹಳೆಯದೇ ಆದರೂ ಉದ್ಘಾಟನೆ ಹೊಸದಾಗಿ ನಡೆಯಿತು. ಟೇಪು ಕತ್ತರಿಸಿದವರು ಅದು ರಕ್ತದೊತ್ತಡ ನೋಡುವ ಯಂತ್ರವೆಂದು ತಿಳಿದು ಅಂಗಿಯ ತೋಳು ಮಡಚಿ ನಿಂತರು. ಸುಪರ್‌ವೈಸರ್ರು ಅವರ ಮೊಣಕೈ ಹಿಡಿದುಕೊಂಡು ಪಕ್ಕಕ್ಕೆ ಕರೆದೊಯ್ದರು. ಯಾರೋ ಪುಣ್ಯಾತ್ಮರು ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಹೂವಿನ ಮಾಲೆ ಹಾಕಿದರು. ಕುಂಕುಮ ಗಾಳಿಕಿಂಡಿಯೊಳಗೆ ಹೋಗಿ ಮರುದಿನ ಪೆಟ್ಟಿಗೆ ಉಸಿರು ಕಟ್ಟಿ ನಿಂತಿತು. ದುರಸ್ತಿಯವನು ಬರುವವರೆಗೆ ನಾವೆಲ್ಲ ಸೇರಿ ರೋಗಿಗಳಿಗೆ ತಾಳ್ಮೆಯ ಮಹತ್ವ ಬೋಧಿಸಿದೆವು.

ಚಿಪ್ಪಿನ ಜತೆ ಬರುವ ಮದ್ದುಗಳು ತಂಪಿನಲ್ಲೇ ಇರಬೇಕು. ಜಿಲ್ಲಾ ಕಚೇರಿಯಿಂದ ತರಲು ತಂಪುಪೆಟ್ಟಿಗೆ ಕೊಡಿ ಎಂದು ಕೇಳಿದರೆ, ಕೇಳಿದ್ದಕ್ಕೆ ಧನ್ಯವಾದ ಎಂಬರ್ಥದ ಉತ್ತರ ಬಂತು. ಸುಪರ್‌ವೈಸರ್ರು ಮೀನು ಮಾರ್ಕೆಟ್ಟಿನಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ಕಡ ತಂದು, ಐಸ್ ತುಂಬಿಸಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ದಾರಿಯುದ್ದಕ್ಕೂ ವಿಚಾರಣೆ.

“ಹ್ವಾಯ್, ಎಂತ ಮೀನ್?”

“ಅಂಜಲ್.”

“ಒಂಚೂರ್ ಕಾಂಬ, ತೆಗೀನಿ.”

ಬಿಡದೆ ತೆಗೆಸಿದವನೊಬ್ಬ ಒಳಗಿನ ಸಣ್ಣ ಕೊಳವೆಗಳನ್ನು ನೋಡಿ, “ಇದೆಂತ ಮಾರಾಯ್ರೆ, ಅಂಜಲ್ ಮರಿಯಾ?” ಎಂದನಂತೆ. ಆ ವಾರವಿಡೀ ನಮ್ಮ ಲ್ಯಾಬಿನಲ್ಲಿ ವಿಜ್ಞಾನಕ್ಕಿಂತ ಬಂಗುಡೆಯ ವಾಸನೆಯೇ ಜಾಸ್ತಿ ಇತ್ತು.

ಪೆಟ್ಟಿಗೆಯ ಮೇಲೆ ಅವರಿಗೆ ಉಂಟಾದ ಭಕ್ತಿಯನ್ನು ಏನೆಂದು ಹೇಳಲಿ. ಸ್ವಸಹಾಯ ಸಂಘದ ಸಭೆ, ಶಾಲೆಯ ಪಾಲಕರ ಸಭೆ, ಹಾಲಿನ ಡೈರಿಯ ಜಗಲಿ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿ ಅವರ ಭಾಷಣ. “ಇಷ್ಟ್ ದಿನ ನಾನ್ ಹೇಳಿದ್ದ್ ನೀವ್ ನಂಬ್ಲಿಲ್ಲೆ. ಡಾಕ್ಟ್ರ್ ಹೇಳಿದ್ದೂ ನಂಬ್ಲಿಲ್ಲೆ. ಇನ್ ಮಿಷನ್ ಹೇಳ್ತ್. ಮನ್ಶ ಸುಳ್ಳ್ ಹೇಳುಗು, ಮಿಷನ್ ಹೇಳುದಿಲ್ಲೆ.” ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಒಮ್ಮೆ ಮೆಲ್ಲಗೆ ಎಚ್ಚರಿಸಿದರು: “ಸರ್, ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದ ಮಾತ್ರಕ್ಕೆ ರೋಗ ಇಲ್ಲ ಅನ್ನಲಿಕ್ಕಾಗುವುದಿಲ್ಲ. ಹಾಗೆ ಹೇಳಬೇಡಿ.” ಸುಪರ್‌ವೈಸರ್ರು ತಲೆಯಾಡಿಸಿದರು. ಮರುದಿನ ಹೆಮ್ಮಾಡಿಯಲ್ಲಿ ಮತ್ತದೇ ಭಾಷಣ, ಸ್ವಲ್ಪ ಹೆಚ್ಚು ಜೋರಾಗಿ.

ಹೀಗಿರುವಾಗ ಹಟ್ಟಿಯಂಗಡಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಹೊಸ ಮನೆ ಒಕ್ಕಲಿನ ಮರುದಿನ ಕೋಳಿ ಊಟವಿತ್ತು. ಅಡುಗೆ ಶೆಟ್ಟರದು. ಈ ಶೆಟ್ಟರು ಮುಂಬೈಯ ಹೋಟೆಲುಗಳಲ್ಲಿ ಅರ್ಧ ಆಯುಷ್ಯ ಕಳೆದು, ಊರಿಗೆ ಮರಳಿ, ಸಮಾರಂಭದ ಅಡುಗೆಗೆ ಹೆಸರಾದವರು. ಕೋಳಿ ಸುಕ್ಕ ಯಾರು ಬೇಕಾದರೂ ಮಾಡಿಯಾರು. ಜನ ಸೇರುತ್ತಿದ್ದದ್ದು ಅವರು ನೀರ್ದೋಸೆ ತೆಗೆಯುವುದನ್ನು ನೋಡಲು. ಸಟ್ಟುಗವಿಲ್ಲ, ಬಟ್ಟೆಯಿಲ್ಲ. ಕೆಂಡದ ಮೇಲಿನ ಕಾವಲಿಯ ಮೇಲೆ ಉಂಗುರದ ಬೆರಳು, ಕಿರುಬೆರಳು ಎರಡನ್ನೂ ಆರಾಮವಾಗಿ ಊರಿ, ಉಳಿದ ಬೆರಳಿನಿಂದ ದೋಸೆಯ ಅಂಚು ಬಿಡಿಸಿ, ಮಡಚಿ ಎತ್ತಿ ಬಾಳೆಲೆಗೆ ಹಾಕುತ್ತಿದ್ದರು. ಸುತ್ತ ನಿಂತವರು ಮೊಬೈಲಿನಲ್ಲಿ ಹಿಡಿಯುತ್ತಿದ್ದರು. “ಅಗ್ನಿದೇವ್ರ್ ಒಲ್ದ ಕೈ ಅದ್,” ಎನ್ನುವುದು ಊರಿನ ಮಾತು. ಶೆಟ್ಟರೂ ಅದನ್ನು ನಂಬಿದ್ದರು. ಎರಡು ವರ್ಷದ ಹಿಂದೆ ಇಲ್ಲದ ಈ ವಿದ್ಯೆ ಈಗೀಗ ಬಂದದ್ದು, ಸಾಧನೆಯಿಂದ ಬಂದದ್ದು ಎಂದು ಅಂದು ನನ್ನೆದುರೇ ಹೇಳಿದರು.

ನನ್ನ ಪಕ್ಕದ ಎಲೆಯಲ್ಲಿ ಕೂತಿದ್ದ ಸುಪರ್‌ವೈಸರ್ರು ತುತ್ತು ಬಾಯಿಗಿಡುವುದನ್ನು ನಿಲ್ಲಿಸಿದರು. ಊಟದ ವಿಷಯದಲ್ಲಿ ಅವರು ಹೀಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎದ್ದು, ಕೈ ತೊಳೆದು, ಶೆಟ್ಟರ ಬಳಿ ಹೋಗಿ ಮೊಣಕೈ ಹಿಡಿದರು. ಹಿಡಿದವರು ಬಿಡಲಿಲ್ಲ. ಶೆಟ್ಟರ ಮುಖದ ನಗು ಇಳಿಯಿತು. ಯಾರು ಹಿಡಿದಿದ್ದಾರೆ, ಯಾಕೆ ಹಿಡಿದಿದ್ದಾರೆ ಎನ್ನುವುದು ಮೂರು ತಾಲೂಕಿಗೂ ಗೊತ್ತಿರುವಾಗ ಶೆಟ್ಟರಿಗೆ ಗೊತ್ತಿರದೆ ಇರುತ್ತದೆಯೇ?

“ಕೈ ಬಿಡಿ,” ಎಂದರು ಶೆಟ್ಟರು, ತುಟಿ ಅಲ್ಲಾಡಿಸದೆ. “ಜನ ಕಾಂತ್ರ್.”

“ಕಿರ್ಬೆರ್ಳಿನ ಬದಿಯಂಗೆ ಬೊಬ್ಬೆ ಎದ್ದಿತ್ತಲೆ ಶೆಟ್ರೆ. ನೋವಿಲ್ಲ್ಯಾ?”

ಶೆಟ್ಟರು ಬೆರಳು ತಿರುಗಿಸಿ ನೋಡಿಕೊಂಡರು. ಬೊಬ್ಬೆ ಎದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ.

ಆ ಎರಡು ಬೆರಳುಗಳ ಪ್ರಶ್ನೆ ಇಷ್ಟೇ. ಬೇಗ ಮದ್ದು ಶುರುವಾದರೆ ಉಳಿಯಬಹುದು. ತಡವಾದರೆ ಒಳಗೆ ಬಾಗಿ ಮಡಚಿಕೊಳ್ಳುತ್ತವೆ, ಆಮೇಲೆ ಗರಗಸ ಹಿಡಿದರೂ ಸೌಟು ಹಿಡಿದರೂ ಒಂದೇ, ಕೈ ಕೇಳುವುದಿಲ್ಲ. ಶೆಟ್ಟರ ಪ್ರಶ್ನೆ ಬೇರೆ. ಸುದ್ದಿ ಹೊರಬಿದ್ದರೆ ಅವರನ್ನು ಅಡುಗೆಗೆ ಯಾರು ಕರೆಯುತ್ತಾರೆ? ಈ ರೋಗ ಅಡುಗೆಯಿಂದ ಹರಡುವುದಿಲ್ಲ, ಅವರಿಗಿದ್ದ ಬಗೆ ಇನ್ನೊಬ್ಬರಿಗೆ ಅಂಟುವಂಥದ್ದೂ ಅಲ್ಲ. ಆದರೆ ಅದನ್ನು ಊಟಕ್ಕೆ ಕೂತ ಪಂಕ್ತಿಗೆ ವಿವರಿಸಿ ಹೇಳಿ, ಆಮೇಲೆ ಸುಕ್ಕ ಬಡಿಸುವ ಧೈರ್ಯ ನನಗಂತೂ ಇಲ್ಲ.

ಶೆಟ್ಟರು ಸಕ್ಕರೆ ಕಾಯಿಲೆಯ ನೆಪದಲ್ಲಿ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮ ನೋಡಿ, ನರ ದಪ್ಪಗಿದೆ, ಎರಡು ಬೆರಳಿಗೆ ಸ್ಪರ್ಶವಿಲ್ಲ, ಮದ್ದು ಶುರು ಮಾಡೋಣ ಎಂದರು. ಶೆಟ್ಟರು ಒಪ್ಪಲಿಲ್ಲ. ನಾಗದೋಷವೆಂದು ಜೋಯಿಸರು ಹೇಳಿದ್ದರಿಂದ ಆಶ್ಲೇಷಾ ಬಲಿ ಮಾಡಿಸಿಯಾಗಿದೆ, ಅದಕ್ಕೂ ಮೀರಿದ್ದಾದರೆ ಮಿಷನ್ನೇ ಹೇಳಲಿ ಎಂದರು. ಅದೂ ಚರ್ಮ ಕೊಯ್ಯಲು ಬಿಡುವುದಿಲ್ಲ, ಗಾಯ ಕಂಡರೆ ಜನ ಕೇಳುತ್ತಾರೆ. ಬೇಕಾದರೆ ಮನೆಗೆ ಬಂದು ಮೂಗಿಗೆ ಕಡ್ಡಿ ಹಾಕಿ ಎಂದರು.

ಸುಪರ್‌ವೈಸರ್ರು ವಿಮೆ ಬ್ಯಾಗು ಏರಿಸಿಕೊಂಡು ಹೋಗಿ ಕಡ್ಡಿ ಹಾಕಿ ಬಂದರು. ಮೂಗಿಗೆ ಕಡ್ಡಿ ಹಾಕಿದ್ದನ್ನು ಕಂಡ ನೆರೆಯವರಿಗೆ ಶೆಟ್ಟರ ಹೆಂಡತಿ, “ಕೊರೊನಾ ಇತ್ತಾ ಅಂದ್ ಕಂಡದ್ದ್,” ಎಂದರು. ನೆರೆಯವರಿಗೆ ಸಮಾಧಾನವಾಯಿತು. ಒಬ್ಬರು ಗೇಟಿನ ಮೇಲೆ ಶುಂಠಿ ಕಷಾಯ ಇಟ್ಟು ಹೋದರು. ನಾಲ್ಕು ವರ್ಷದ ಹಿಂದೆ ಕೊರೊನಾ ಎಂದರೆ ರಸ್ತೆಗೆ ಮುಳ್ಳು ಹಾಕಿದ್ದವರು ಇವರೇ.

ಮಾದರಿ ಚೆನ್ನಾಗಿ ಬಂದಿತ್ತು. ಐಸಿನಲ್ಲೇ ಬಂದಿತ್ತು. ಪರೀಕ್ಷೆ ಮಾಡಿದವಳು ನಾನು, ನನ್ನ ಕಡೆಯಿಂದಲೂ ಎಲ್ಲ ಸರಿಯಾಗಿತ್ತು. ಪೆಟ್ಟಿಗೆ ನೆಗೆಟಿವ್ ಎಂದಿತು. ಆರಂಭದ ರೋಗದಲ್ಲಿ ಮೂಗಿನಲ್ಲಿ ರೋಗಾಣು ಸಿಗದೆ ಇರುವುದೇ ಹೆಚ್ಚು. ಅದರಲ್ಲಿ ಪೆಟ್ಟಿಗೆಯ ತಪ್ಪೇನೂ ಇಲ್ಲ. ಇಲ್ಲದ ಕಡೆ ಹುಡುಕಲು ಕೊಟ್ಟಿದ್ದೆವು, ಇಲ್ಲ ಎಂದು ಹೇಳಿತು. ಸುಪರ್‌ವೈಸರ್ರು ಫಲಿತಾಂಶವನ್ನು ಓದಿ ಸ್ಟೂಲಿನ ಮೇಲೆ ಸುಮ್ಮನೆ ಕೂತರು. ಚಹಾ ಬಂದು ತಣಿದರೂ ಮಾತಿಲ್ಲ.

ಶೆಟ್ಟರಿಗೆ ವಿವರಿಸಿ ಹೇಳಲು ಡಾಕ್ಟರಮ್ಮ ನನ್ನನ್ನೂ ಕಳಿಸಿದರು. ನಾವು ಹೋಗುವಾಗ ಅವರ ಮನೆಯಲ್ಲಿ ಪಾಯಸವಾಗಿತ್ತು. ಶೆಟ್ಟರ ಹೆಂಡತಿ, “ಬಲಿ ಮಾಡ್ಸಿದ್ದ್ ಫಲ ಕೊಟ್ತ್,” ಎಂದು ನನಗೂ ಒಂದು ಲೋಟ ಕೊಟ್ಟರು. ಮೂಗಿನಲ್ಲಿ ಇಲ್ಲದಿದ್ದರೂ ನರದಲ್ಲಿ ಇರಬಹುದು ಎಂದು ನಾನು ನನಗೆ ತಿಳಿದಷ್ಟು ಹೇಳಿದೆ. ಶೆಟ್ಟರು ನನ್ನ ಕಡೆ ನೋಡಲೇ ಇಲ್ಲ.

“ಸುಪರ್‌ವೈಸರ್ರೆ, ಹೆಮ್ಮಾಡಿಯಂಗೆ ಭಾಷ್ಣ ಮಾಡಿದ್ದ್ ಯಾರ್? ಮನ್ಶ ಸುಳ್ಳ್ ಹೇಳುಗು, ಮಿಷನ್ ಹೇಳುದಿಲ್ಲೆ ಅಂದದ್ದ್ ಯಾರ್? ನಾನ್ ಎದ್ರಿಗೇ ಕೂತಿದ್ದೆ. ಈಗ ನಿಮ್ಗೆ ಬೇಕಾದ್ ಹಾಂಗೆ ಬರ್ಲಿಲ್ಲೆ ಅಂದ್ ಮಿಷನ್ ಸುಳ್ಳಾ? ಖಾಲಿ ಪೀಲಿ ನಂಗೆ ಟೆನ್ಶನ್ ಕೊಡ್ಬೇಡಿ. ನಾಳೆಯಿಂದ ನಂಗೆ ಮದಿ ಊಟದ ಸೀಸನ್.”

ಮಾತು ಪೂರ್ತಿ ನ್ಯಾಯದ್ದು. ಹೆಮ್ಮಾಡಿಯ ಭಾಷಣ ಈಗ ತಿರುಗಿ ಮನೆಗೆ ಬಂದಿತ್ತು. ಸುಪರ್‌ವೈಸರ್ರು ಏನು ಹೇಳುತ್ತಾರೆ ಎಂದು ಕಾದೆ. ಎಂಥ ಇಕ್ಕಟ್ಟಿನಲ್ಲೂ ತಾವೇ ಸರಿ ಎಂದು ಸಾಧಿಸಿದ ಮನುಷ್ಯ, ಇಲ್ಲೂ ಏನಾದರೂ ಹೊಂದಿಸಿಯಾರು ಎಂದುಕೊಂಡೆ.

“ಮಿಷನಿಂದ್ ತಪ್ಪಿಲ್ಲೆ ಶೆಟ್ರೆ,” ಎಂದರು ಅವರು. “ತಪ್ಪ್ ನಂದ್. ಕಡ್ಡಿ ಹಾಕುವತಿಗೆ ಕೈ ನಡ್ಗಿತ್, ಸಮಾ ತಾಗ್ಲಿಲ್ಲೆ. ಮತ್ತೆ ಐಸ್ ಹಾಕುಕೂ ಮರ್ತೆ. ಬಿಸ್ಲಿಗೆ ಹಾಳಾಯ್ತ್. ಹಾಳಾದ್ದನ್ನ ಕೊಟ್ರೆ ಮಿಷನ್ ಎಂತ ಮಾಡ್ತ್? ಪ್ರಾಯ ಆಯ್ತಲೆ ನಂಗೆ.”

ಕೈ ನಡುಗಿರಲಿಲ್ಲ. ಐಸು ಪೆಟ್ಟಿಗೆ ತುಂಬ ಇತ್ತು. ಅದನ್ನು ಬಿಚ್ಚಿದವಳೇ ನಾನು. ನಾನು ಬಾಯಿ ತೆರೆದೆ. ಅವರು ನನ್ನ ಮೊಣಕೈ ಹಿಡಿದು ಗಟ್ಟಿಯಾಗಿ ಒತ್ತಿದರು. ಆ ನರವನ್ನು ಒತ್ತಿದರೆ ಎಷ್ಟು ನೋಯುತ್ತದೆ ಎಂದು ಗೊತ್ತಿದ್ದವರು ಒತ್ತುವ ಹಾಗೆ ಒತ್ತಿದರು. ನಾನು ಪಾಯಸ ಕುಡಿದೆ.

ಶೆಟ್ಟರು ಅವರನ್ನು ನೋಡಿ ನಕ್ಕರು. ಬೇರೆಯವರ ತಪ್ಪು ಕೇಳಿದಾಗ ಮನುಷ್ಯನಿಗೆ ಬರುವ ಔದಾರ್ಯ ಅವರಿಗೂ ಬಂತು. “ಇಷ್ಟ್ ವರ್ಷ ದೊಡ್ಡ ಜನದ ಹಾಂಗೆ ತಿರ್ಗಿದ್ರಿ, ಒಂದ್ ಕಡ್ಡಿ ಹಾಕುಕೆ ಬತ್ತಿಲ್ಲೆ ನಿಮ್ಗೆ,” ಎಂದರು. “ಆಯ್ತ್, ಇನ್ನೊಂದ್ ಸಲ ಮಾಡಿ. ಈ ಸಲ ಹಾಳ್ ಮಾಡ್ಬೇಡಿ.” ಈ ಔದಾರ್ಯದ ಭರದಲ್ಲೇ ಮೊಣಕೈ ಮೇಲಿನ ಮಾಸಲು ಮಚ್ಚೆಯಿಂದ ಚರ್ಮದ ಚೂರು ತೆಗೆಯಲೂ ಒಪ್ಪಿಕೊಂಡರು. ಅದನ್ನು ಅಷ್ಟು ದಿನ ಚಿಬ್ಬು ಎಂದು ಕರೆದು ಮುಲಾಮು ಹಚ್ಚುತ್ತಿದ್ದರಂತೆ. ಡಾಕ್ಟರಮ್ಮ ತೆಗೆದುಕೊಟ್ಟರು, ನಾನು ಪರೀಕ್ಷೆ ಮಾಡಿದೆ. ಪಾಸಿಟಿವ್ ಬಂತು. ಮಿಷನ್ ಹೇಳಿದ ಮೇಲೆ ಶೆಟ್ಟರು ಮರುಮಾತಾಡದೆ ಗುಳಿಗೆ ನುಂಗಿದರು. ರೋಗಕ್ಕೆ ಒಂದು ಬಗೆ, ನರದ ಊತಕ್ಕೆ ಇನ್ನೊಂದು. ಬೆರಳಿಗೆ ಸ್ಪರ್ಶ ಮರಳಬಹುದು, ಮರಳದೆಯೂ ಇರಬಹುದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

ಕಥೆ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಒಬ್ಬನೇ ರೋಗಿಗೆ ಎರಡು ಚಿಪ್ಪು ಯಾಕೆ ಖರ್ಚಾಯಿತು ಎಂದು ತಿಂಗಳ ಸಭೆಯಲ್ಲಿ ಮೇಲಿನವರು ಕೇಳಿದರು. ಸುಪರ್‌ವೈಸರ್ರು ಎದ್ದು ನಿಂತು, ಎಲ್ಲರೆದುರು ಶೆಟ್ಟರಿಗೆ ಹೇಳಿದ್ದನ್ನೇ ಹೇಳಿದರು. ಇಲ್ಲಿ ನಿಜ ಹೇಳಿದ್ದರೂ ನಡೆಯುತ್ತಿತ್ತು. ನಾನು ಆಮೇಲೆ ಜಗಳ ಮಾಡಿದೆ. “ಸಭೆಯಂಗೆ ಒಂದ್, ಮನಿಯಂಗೆ ಒಂದ್ ಹೇಳಿರೆ ಶೆಟ್ರ ಕಿವಿಗೆ ಬೀಳ್ದೆ ಇರ್ತಾ? ಗುಳಿಗೆ ಅರ್ಧದಂಗೆ ಬಿಡ್ತ್ರ್,” ಎಂದರು ಅವರು. ಮಾದರಿ ತೆಗೆಯುವುದು ಹೇಗೆ ಎಂಬ ತರಬೇತಿಗೆ, ಆ ವರ್ಷ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರ ಜತೆ, ನಿವೃತ್ತಿ ಹತ್ತಿರವಿದ್ದ ಇವರನ್ನೂ 'ಮರುತರಬೇತಿ' ಎಂದು ಕಳಿಸಿದರು. ಹೋಗಿ ಮುಂದಿನ ಬೆಂಚಿನಲ್ಲಿ ಕೂತು, ತರಬೇತಿ ಕೊಡುವವರನ್ನೇ ದಿನವಿಡೀ ತಿದ್ದಿ ಬಂದರು. ಅಷ್ಟರಮಟ್ಟಿಗೆ ನನಗೆ ನೆಮ್ಮದಿಯಾಯಿತು. ಆದರೂ ಆಸ್ಪತ್ರೆಯ ಹುಡುಗರು ಅವರನ್ನು ಕಂಡಾಗಲೆಲ್ಲ, “ಐಸ್ ಹಾಕಿದ್ರ್ಯಾ ಸರ್?” ಎಂದು ಕೇಳಿ ನಗುವುದು ನಿಲ್ಲಲಿಲ್ಲ. ಅವರು, “ಹಾಕಿದೆ ಮಾರಾಯ, ನಿನ್ನ ತಲಿಗೂ ಒಂಚೂರ್ ಹಾಕ್ಕಾ?” ಎಂದು ಮುಂದೆ ಹೋಗುತ್ತಿದ್ದರು.

ಅವರು ನಿವೃತ್ತರಾದ ಮೇಲೆ, ತಲ್ಲೂರಿನಲ್ಲಿ ಒಂದು ಬೀಗರ ಊಟಕ್ಕೆ ನಾನೂ ಅವರೂ ಹೋಗಿದ್ದೆವು. ಅಡುಗೆ ಶೆಟ್ಟರದೇ. ಗುಳಿಗೆಯ ಅವಧಿ ಮುಗಿದು ಕೆಲವು ತಿಂಗಳಾಗಿತ್ತು. ಬೆರಳು ಬಾಗಿರಲಿಲ್ಲ, ಆದರೆ ಡಾಕ್ಟರಮ್ಮ ಹೇಳಿದಂತೆ ಶೆಟ್ಟರು ಅಷ್ಟೂ ಕಾಲ ಸಟ್ಟುಗದಿಂದಲೇ ದೋಸೆ ತೆಗೆದಿದ್ದರು. ಶೆಟ್ಟರಿಗೆ ಪ್ರಾಯವಾಯಿತು, ಮೊದಲಿನ ಕೈ ಅಲ್ಲ ಎಂದು ಊರು ತೀರ್ಮಾನಿಸಿತ್ತು. ಅಂದು ಬೀಗರ ಕಡೆಯ ಹುಡುಗರು ಮೊಬೈಲು ಹಿಡಿದು ಸುತ್ತ ನಿಂತು, ಹಳೆಯ ವೀಡಿಯೋ ತೋರಿಸಿ, ಒಂದೇ ಒಂದು ಸಲ ಎಂದು ಹಠ ಹಿಡಿದರು. ಹೊಗಳಿಕೆಗೆ ಸೋಲದ ಅಡುಗೆಯವರನ್ನು ನಾನು ನೋಡಿಲ್ಲ. ಶೆಟ್ಟರು ಸಟ್ಟುಗ ಕೆಳಗಿಟ್ಟು, ತೋಳು ಏರಿಸಿ, ಎರಡು ಬೆರಳನ್ನು ಮೊದಲಿನ ಹಾಗೆ ಕಾವಲಿಯ ಮೇಲೆ ಊರಿದರು.

“ಅಯ್ಯಬ್ಬೆ!”

ಕೈ ಎಳೆದುಕೊಂಡ ರಭಸಕ್ಕೆ ದೋಸೆ ನೆಲಕ್ಕೆ ಬಿತ್ತು, ಹಿಟ್ಟಿನ ಪಾತ್ರೆ ಮಗುಚಿತು. ಹುಡುಗರು ಹಿಂದೆ ಸರಿದರು. ನೀರು ತನ್ನಿ, ಎಣ್ಣೆ ತನ್ನಿ ಎಂದು ಗದ್ದಲ. ಆ ಗದ್ದಲದ ನಡುವೆ ಪಂಕ್ತಿಯಿಂದ ಒಬ್ಬರ ನಗು ಕೇಳಿತು. ಸುಪರ್‌ವೈಸರ್ರು ಎಂಜಲು ಕೈಯಲ್ಲೇ ಎದ್ದು ನಿಂತು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಿಲ್ಲಿಸಲು ನೋಡುತ್ತಿದ್ದರು, ಆಗುತ್ತಿರಲಿಲ್ಲ.

ಮನೆಯ ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. “ಎಂತ ಜನ ಮಾರಾಯ್ರೆ ನೀವ್? ಒಬ್ರ್ ಕೈ ಸುಟ್ಕಂಡ್ರೆ ನಗ್ತ್ರಿಯಲೆ. ಕುಡ್ದ್ ಬಂದ್ರ್ಯಾ?” ಪಂಕ್ತಿಯಲ್ಲಿದ್ದವರೆಲ್ಲ ಹೌದೆಂಬಂತೆ ತಲೆಯಾಡಿಸಿದರು. ಅವರು ನಗುತ್ತಲೇ ಇದ್ದರು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದೆ.

ಶೆಟ್ಟರು ಬೆರಳಿಗೆ ಬಾಯಿಂದ ಗಾಳಿ ಊದುತ್ತ ನಗುತ್ತಿದ್ದವರ ಕಡೆ ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಯಾರೋ ತಂದ ಎಣ್ಣೆಯನ್ನು ಪಕ್ಕಕ್ಕೆ ಸರಿಸಿ, ಮೆಲ್ಲಗೆ ಕೈ ಚಾಚಿ, ಕಿರುಬೆರಳನ್ನು ಮತ್ತೊಮ್ಮೆ ಕಾವಲಿಗೆ ತಾಗಿಸಿ ಥಟ್ಟನೆ ಎಳೆದುಕೊಂಡರು.

“ಸುಡ್ತ್,” ಎಂದರು. “ಸುಡ್ತ್ ಕಾಣಿ.”